ಮುಖಕ್ಕೆ ಮೊದಲು ಕತ್ತು

ಎದೆಮಟ್ಟದ ಪ್ರತಿಮೆ ಮಾಡಿಸಲು ಬರುವವರು ಸಾಮಾನ್ಯವಾಗಿ ತರುವುದು ಒಂದೇ ಒಂದು ಫೋಟೊ. ಅದೂ ನೇರವಾಗಿ ಕ್ಯಾಮೆರಾ ನೋಡುತ್ತಿರುವ, ಕೋಟಿನ ಕಾಲರು ಕತ್ತನ್ನು ಅರ್ಧ ಮುಚ್ಚಿರುವ, ಎಷ್ಟೋ ಸಲ ಪೇಟವೋ ಟೋಪಿಯೋ ನೆತ್ತಿಯನ್ನೂ ಮರೆಮಾಡಿರುವ ಫೋಟೊ. ಅದರಿಂದ ಕಣ್ಣು, ಮೂಗು, ತುಟಿಗಳ ಅಗಲ ಸಿಗುತ್ತದೆ, ಆಳ ಸಿಗುವುದಿಲ್ಲ. ಕತ್ತು ಎಲ್ಲಿ ಹುಟ್ಟಿ ಯಾವ ಓರೆಯಲ್ಲಿ ತಲೆಬುರುಡೆಯನ್ನು ಸೇರುತ್ತದೆ ಎಂಬುದಂತೂ ಸುತರಾಂ ತಿಳಿಯುವುದಿಲ್ಲ. ಹೋಲಿಕೆ ಬಂದಿಲ್ಲವೆಂದು ಮನೆಯವರು ದೂರಿದಾಗ ಶಿಲ್ಪಿ ಮೂಗನ್ನು ತಿದ್ದಲು ಕೂರುತ್ತಾನೆ. ನಾನು ಕಂಡ ಮಟ್ಟಿಗೆ ತಪ್ಪು ಬಹುಪಾಲು ಕತ್ತಿನಲ್ಲಿರುತ್ತದೆ.

ಪಕ್ಕದಿಂದ ನೋಡಿದರೆ ಕತ್ತು ಮೇಲೇರುತ್ತ ಮುಂದಕ್ಕೆ ವಾಲುತ್ತದೆ. ಅದರ ಬುಡವೂ ಸಮತಟ್ಟಲ್ಲ. ತಲೆ ತಗ್ಗಿಸಿದಾಗ ಹಿಂಬದಿಯಲ್ಲಿ ಬೆರಳಿಗೆ ಎದ್ದು ಸಿಗುವ, ಕತ್ತಿನ ಏಳನೆಯ ಕಶೇರುವಿನ (ಬೆನ್ನುಹುರಿಯನ್ನು ಸುತ್ತುವರಿದ ಮೂಳೆಯ ತುಂಡಿನ) ಉಬ್ಬು ಎತ್ತರದಲ್ಲಿದೆ; ಮುಂಬದಿಯಲ್ಲಿ ಎರಡು ಕಾಲರ್ ಮೂಳೆಗಳ ನಡುವೆ, ಎದೆಮೂಳೆಯ ಮೇಲ್ತುದಿಯಲ್ಲಿರುವ ಗುಳಿ ಅದಕ್ಕಿಂತ ಸಾಕಷ್ಟು ಕೆಳಗಿದೆ. ಈ ಎರಡನ್ನು ಕೂಡಿಸುವ ಇಳಿಜಾರೇ ಕತ್ತಿನ ಬುಡ. ಆರ್ಮೇಚರಿನ, ಅಂದರೆ ಮಣ್ಣನ್ನು ಒಳಗಿನಿಂದ ಹಿಡಿದು ನಿಲ್ಲಿಸುವ ಚೌಕಟ್ಟಿನ, ಪೈಪನ್ನು ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿ ಸುತ್ತಲೂ ಸಮನಾಗಿ ಮಣ್ಣು ಮೆತ್ತಿದರೆ ತಲೆಯು ಗೂಟಕ್ಕೆ ಕವುಚಿದ ಮಡಕೆಯಂತೆ ಕಾಣುತ್ತದೆ. ಪೈಪು ನೆಟ್ಟಗಿದ್ದರೆ ಅಡ್ಡಿಯಿಲ್ಲ, ಆದರೆ ಬುಡದಲ್ಲಿ ಮಣ್ಣು ಪೈಪಿನ ಹಿಂದೆ ಹೆಚ್ಚಾಗಿಯೂ ಮೇಲೆ ಗದ್ದದ ಬಳಿ ಪೈಪಿನ ಮುಂದೆ ಹೆಚ್ಚಾಗಿಯೂ ಬೀಳಬೇಕು.

ಇನ್ನು ಸ್ನಾಯುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸ್ಟರ್ನೊಮ್ಯಾಸ್ಟಾಯ್ಡ್. ಕಿವಿಯ ಹಿಂದೆ ಕೈಯಿಟ್ಟರೆ ಗಟ್ಟಿಯಾದ ಮೂಳೆಯೊಂದು ತಾಗುತ್ತದಲ್ಲ, ಅಲ್ಲಿಂದ ಓರೆಯಾಗಿ ಇಳಿದು ಬರುವ ಈ ಸ್ನಾಯು ಕೆಳಗೆ ಎರಡು ಕವಲಾಗುತ್ತದೆ: ಒಂದು ಕವಲು ದುಂಡಗೆ, ಬಿಗಿಯಾಗಿ ಎದೆಮೂಳೆಗೆ ಹೋದರೆ, ಇನ್ನೊಂದು ಚಪ್ಪಟೆಯಾಗಿ ಕಾಲರ್ ಮೂಳೆಯ ಒಳಬದಿಯ ಮೂರನೇ ಒಂದು ಭಾಗಕ್ಕೆ ಅಂಟುತ್ತದೆ. ನಡುವೆ ಉಳಿಯುವ ಸಣ್ಣ ತ್ರಿಕೋನದ ತಗ್ಗನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಕತ್ತಿನ ಬುಡಕ್ಕೆ ಮೂಳೆಯಿದೆ ಎಂಬ ನಂಬಿಕೆ ನೋಡುವವನಲ್ಲಿ ಹುಟ್ಟುತ್ತದೆ. ತಲೆ ಬಲಕ್ಕೆ ತಿರುಗಿದಾಗ ಎದ್ದು ನಿಲ್ಲುವುದು ಎಡಬದಿಯ ಸ್ನಾಯು. ಎಡಗಿವಿ ಮುಂದಕ್ಕೆ ಬರುವುದರಿಂದ ಅದರ ಓರೆಯೂ ಕಳೆದು ಬಹುತೇಕ ನೇರವಾಗಿ ಕೆಳಗಿಳಿಯುತ್ತದೆ, ಬಲಬದಿಯದು ಸಡಿಲವಾಗಿ ಒಳಗೆ ಅಡಗುತ್ತದೆ. ತಿರುಗಿದ ತಲೆಗೂ ಎರಡನ್ನೂ ಸಮನಾಗಿ ಎಬ್ಬಿಸುವುದು ವಿದ್ಯಾರ್ಥಿಗಳಲ್ಲಿ ತೀರ ಸಾಮಾನ್ಯ. ತಲೆ ತಿರುಗುವ ಚಲನೆಯ ಅರ್ಧದಷ್ಟು ಕತ್ತಿನ ಮೇಲ್ತುದಿಯ ಮೊದಲೆರಡು ಕಶೇರುಗಳ ನಡುವೆಯೇ ನಡೆಯುವುದರಿಂದ, ಎದೆಮೂಳೆಯ ಗುಳಿಯು ಹೆಗಲಿನೊಂದಿಗೆ ಇದ್ದಲ್ಲೇ ಇರುತ್ತದೆ, ಗದ್ದ ಮಾತ್ರ ಅದರಿಂದ ದೂರ ಸರಿಯುತ್ತದೆ.

ಅತ್ಯಂತ ಅಲಕ್ಷ್ಯಕ್ಕೊಳಗಾಗುವ ಭಾಗವೆಂದರೆ ದವಡೆಯ ತಳ. ಗದ್ದದಿಂದ ಹಿಂದಕ್ಕೆ ಹೋಗುವ ಈ ಮೈ, ನಾಲಿಗೆಯ ಬುಡದಲ್ಲಿರುವ ಹೈಯಾಯ್ಡ್ ಎಂಬ ಪುಟ್ಟ ಮೂಳೆಯ ಬಳಿ ಮುರಿದು ಕೆಳಕ್ಕೆ ತಿರುಗುತ್ತದೆ. ಅದರ ಕೆಳಗೆ ಥೈರಾಯ್ಡ್ ಮೃದ್ವಸ್ಥಿ. ಇದರ ಎರಡು ಫಲಕಗಳು ಗಂಡಸರಲ್ಲಿ ಸುಮಾರು 90 ಡಿಗ್ರಿ ಕೋನದಲ್ಲಿ, ಹೆಂಗಸರಲ್ಲಿ ಸುಮಾರು 120 ಡಿಗ್ರಿ ಕೋನದಲ್ಲಿ ಕೂಡುವುದರಿಂದಲೇ ಗಂಡಸರ ಗಂಟಲು ಹೆಚ್ಚು ಚೂಪಾಗಿ ಮುಂದೆ ಬಂದಿರುತ್ತದೆ. ನಮ್ಮ ವೃತ್ತಗಳಲ್ಲಿ ಪ್ರತಿಮೆಯನ್ನು ಆಳೆತ್ತರಕ್ಕೂ ಮೀರಿದ ಪೀಠದ ಮೇಲೆ ಕೂರಿಸುವ ರೂಢಿಯಿದೆ; ಅಲ್ಲಿ ಜನರಿಗೆ ಮೊದಲು ಕಾಣುವುದೇ ಈ ತಳಭಾಗ. ಕೆಲಸದ ಮನೆಯಲ್ಲಿ ಕಣ್ಣಿನ ಮಟ್ಟಕ್ಕಿಟ್ಟು ಮುಗಿಸಿದ ಮಣ್ಣಿನ ತಲೆಯನ್ನು ಅಚ್ಚು ತೆಗೆಯುವ ಮುನ್ನ ಒಮ್ಮೆಯಾದರೂ ಎತ್ತರಕ್ಕಿಟ್ಟು ಕೆಳಗಿನಿಂದ ನೋಡಬೇಕು.

ಮುಖದ ಅಚ್ಚು ಸಿಕ್ಕರೂ ಈ ಕಷ್ಟ ತಪ್ಪುವುದಿಲ್ಲ. ಫ್ರೆಂಚ್ ಶಿಲ್ಪಿ ಹೂಡಾನ್ 1785ರಲ್ಲಿ ಮೌಂಟ್ ವರ್ನನ್‌ಗೆ ಹೋಗಿ ಜಾರ್ಜ್ ವಾಷಿಂಗ್ಟನ್ ಅವರ ಮುಖದ ಅಚ್ಚನ್ನೇ ತೆಗೆದುಕೊಂಡರು. ಅವರಿಗೆ ಅದು ನೆರವಾಯಿತೆಂದರೆ, 1767ರಷ್ಟು ಹಿಂದೆಯೇ ಚರ್ಮ ಸುಲಿದ ಮನುಷ್ಯನ ಆಕೃತಿಯನ್ನು ಮಾಡಿ ಸ್ನಾಯುಗಳನ್ನು ಕೈಗೆ ಒಗ್ಗಿಸಿಕೊಂಡಿದ್ದರು ಎಂಬುದೂ ಕಾರಣ.

ತಲೆಯ ವಿಷಯದಲ್ಲಿ ಪೇಟ ಒಡ್ಡುವ ತೊಡಕಿಗೆ ಸರಳ ಪರಿಹಾರವಿದೆ. ವಯಸ್ಕರಲ್ಲಿ ಕಣ್ಣಿನ ಗೆರೆ ತಲೆಯ ಎತ್ತರದ ಸರಿಸುಮಾರು ಮಧ್ಯದಲ್ಲಿರುತ್ತದೆ. ಆದ್ದರಿಂದ ಕಣ್ಣಿನಿಂದ ಗದ್ದದವರೆಗಿನ ಅಳತೆಯನ್ನು ಕ್ಯಾಲಿಪರಿನಲ್ಲಿ (ಎರಡು ಕಾಲಿನ ಅಳತೆಯ ಸಾಧನದಲ್ಲಿ) ಹಿಡಿದು ಮೇಲಕ್ಕೆ ತಿರುಗಿಸಿದರೆ ನೆತ್ತಿ ಸಿಗುತ್ತದೆ, ಪೇಟವನ್ನು ಅದರ ಮೇಲೆ ಕಟ್ಟಬೇಕು. ಹಲ್ಲುದುರಿದ ವೃದ್ಧರಲ್ಲಿ ಮುಖದ ಕೆಳಭಾಗ ಕುಗ್ಗಿರುವುದರಿಂದ ಈ ಲೆಕ್ಕ ಕೈಕೊಡುತ್ತದೆ.

ನಮ್ಮ ಸಾಂಪ್ರದಾಯಿಕ ಶಿಲ್ಪಿಗಳು ತಾಲಮಾನದಲ್ಲಿ, ಅಂದರೆ ಮೂರ್ತಿಯ ಅಂಗಗಳ ಪ್ರಮಾಣ ಹೇಳುವ ಪದ್ಧತಿಯಲ್ಲಿ, ಮುಖಕ್ಕೆ 12 ಅಂಗುಲ ಕೊಟ್ಟು, ಹಣೆ, ಮೂಗು, ಗದ್ದಗಳಿಗೆ ಸಮನಾದ ಮೂರು ಪಾಲು ಮಾಡುತ್ತಾರೆ. ಮೊದಲ ಅಂದಾಜಿಗೆ ಈ ಪಾಲು ವ್ಯಕ್ತಿಪ್ರತಿಮೆಯಲ್ಲೂ ಉಪಯುಕ್ತ. ಆದರೆ ದೇವತಾಮೂರ್ತಿಯ ಶಂಖದಂಥ ಕೊರಳನ್ನೂ ಅದರ ಮೂರು ಗೆರೆಗಳನ್ನೂ ಊರಿನ ಹಿರಿಯರೊಬ್ಬರ ಪ್ರತಿಮೆಗೆ ತಂದು ಕೂರಿಸುವುದನ್ನು ನಾನು ಒಪ್ಪಲಾರೆ. ಅವರ ಕತ್ತಿನಲ್ಲಿ ಗದ್ದದಿಂದ ಕೆಳಕ್ಕೆ ಜೋತ ಚರ್ಮದ ಎರಡು ಮಡಿಕೆಗಳಿದ್ದರೆ ಅವೇ ಬರಬೇಕು.

ಅಂಗಿಯ ಕಾಲರನ್ನು ಕೊನೆಗೆ, ಕತ್ತು ಪೂರ್ತಿಯಾದ ಮೇಲೆಯೇ ಹಾಕಬೇಕು. ಅದು ಹಿಂದೆ ಎತ್ತರದಲ್ಲಿ, ಮುಂದೆ ತಗ್ಗಿನಲ್ಲಿ ಕೂರುತ್ತದೆ. ಸುತ್ತಲೂ ಒಂದೇ ಎತ್ತರಕ್ಕೆ ಕೂತಿತೆಂದರೆ ಒಳಗಿನ ಬುಡದ ಇಳಿಜಾರು ತಪ್ಪಿದೆ, ಕಾಲರನ್ನು ಕಿತ್ತು ಕತ್ತನ್ನೇ ಸರಿಪಡಿಸಬೇಕು.