ಸದ್ದು ಜಾಸ್ತಿ, ಶಕ್ತಿ ಎಷ್ಟು? ಹಳೇ ಕಾರಿನ ಎಕ್ಸಾಸ್ಟ್ ಕಟೌಟ್

ಹಳೇ ಫಿಯಟ್ ಕಾರೊಂದು ಸೈಲೆನ್ಸರ್ ಇಲ್ಲದೆ ಆಗುಂಬೆ ಘಾಟಿ ಹತ್ತುತ್ತಿದ್ದರೆ ಎರಡು ತಿರುವು ಮೇಲಿದ್ದವರಿಗೂ ಗೊತ್ತಾಗುತ್ತದೆ. ಅಷ್ಟು ಅಬ್ಬರಿಸುವ ಇಂಜಿನ್ನಿಗೆ ಎಷ್ಟು ಬಲ ಇರಬಹುದು ಅಂತ ಅನ್ನಿಸುವುದು ಸಹಜ. ಲೆಕ್ಕ ಹಾಕಿ ನೋಡೋಣ. ಹೊಗೆ ಕೊಳವೆಯಿಂದ ಒಂದು ಮೀಟರ್ ದೂರದಲ್ಲಿ 110 ಡೆಸಿಬೆಲ್ ಸದ್ದಿದೆ ಎಂದುಕೊಳ್ಳಿ. ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡಿದರೆ ಆ ಸದ್ದಿನ ಒಟ್ಟು ಶಕ್ತಿ ಸುಮಾರು 1.25 ವ್ಯಾಟ್. ದೇವರ ಮನೆಯಲ್ಲಿ ಉರಿಯುವ ಪುಟ್ಟ ಎಲ್‌ಇಡಿ ಬಲ್ಬಿನಷ್ಟು. ಇಂಜಿನ್ನಿನದು 40 ಅಶ್ವಶಕ್ತಿ, ಅಂದರೆ ಸುಮಾರು 30,000 ವ್ಯಾಟ್. ನಮ್ಮ ಕಿವಿ ಅಷ್ಟು ಸೂಕ್ಷ್ಮವಾಗಿರುವುದರಿಂದ ಈ ಚಿಟಿಕೆ ಶಕ್ತಿಯೇ ನಮಗೆ ಗುಡುಗಾಗಿ ಕೇಳಿಸುತ್ತದೆ.

ಈ ಲೆಕ್ಕ ಯಾಕೆ ಬಂತೆಂದರೆ, ಹಳೇ ಪದ್ಮಿನಿ, ಅಂಬಾಸಿಡರ್, ಜೀಪುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಶಿವಮೊಗ್ಗದಲ್ಲಿ ಸಾಕಷ್ಟು ಜನ ಇದ್ದಾರೆ. ಅವರಲ್ಲಿ ಕೆಲವರಿಗೆ ಈಗ ಎಕ್ಸಾಸ್ಟ್ ಕಟೌಟ್ ಹಾಕಿಸುವ ಆಸೆ. ಸೈಲೆನ್ಸರಿಗೆ ಮೊದಲು, ಕೊಳವೆಗೆ ಒಂದು ಕವಲು ಬೆಸೆದು ಅದಕ್ಕೊಂದು ಮುಚ್ಚಳ ಇಡುವುದು, ಇಷ್ಟೇ ಕೆಲಸ. ಮುಚ್ಚಳ ಹಾಕಿದ್ದರೆ ಹೊಗೆ ಎಂದಿನಂತೆ ಸೈಲೆನ್ಸರ್ ಮೂಲಕ ಹೋಗುತ್ತದೆ. ತೆಗೆದರೆ ನೇರ ಹೊರಗೆ. ಇದೇನೂ ಹೊಸದಲ್ಲ. ಅಮೆರಿಕದ ರೀವ್ಸ್ ಸಹೋದರರು ಸೈಲೆನ್ಸರಿಗೆ ಪೇಟೆಂಟ್ ಪಡೆದದ್ದು 1897ರಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ ಕಾಲಲ್ಲಿ ಒತ್ತಿ ತೆರೆಯುವ ಕಟೌಟ್‌ಗಳೂ ಬಂದವು. ಏರು ಹತ್ತುವಾಗ ತೆರೆಯುವುದು, ಊರೊಳಗೆ ಮುಚ್ಚುವುದು ಆಗಿನ ರೂಢಿ. ಊರೊಳಗೂ ತೆರೆದೇ ಓಡಿಸುವವರು ಹೆಚ್ಚಾದಾಗ ಅಲ್ಲಿನ ಎಷ್ಟೋ ನಗರಗಳು ಅದನ್ನು ನಿಷೇಧಿಸಿದವು.

ಹಾಗಾದರೆ ಕಟೌಟ್‌ನಿಂದ ಶಕ್ತಿ ಸಿಗುವುದೇ ಇಲ್ವಾ? ಸಿಗುತ್ತದೆ, ಆದರೆ ಎಲ್ಲಿ, ಯಾವಾಗ ಅನ್ನುವುದನ್ನು ನೋಡಬೇಕು.

ಸೈಲೆನ್ಸರಿನೊಳಗೆ ತೂತಿನ ಕೊಳವೆಗಳು, ಅಡ್ಡ ತಗಡುಗಳು, ಚಿಕ್ಕದೊಡ್ಡ ಕೋಣೆಗಳು ಇರುತ್ತವೆ. ಸದ್ದಿನ ಅಲೆ ಅವುಗಳಿಗೆ ಬಡಿದು, ಹಿಂತಿರುಗಿ, ಒಂದನ್ನೊಂದು ಕೊಂದುಕೊಳ್ಳುತ್ತದೆ. ಆದರೆ ಹೊಗೆಗೂ ಅದೇ ಸುತ್ತು ದಾರಿ. ಹಾಗಾಗಿ ಇಂಜಿನ್ ಸ್ವಲ್ಪ ತಳ್ಳಬೇಕಾಗುತ್ತದೆ. ಈ ತಳ್ಳಾಟ ಹೊಗೆಯ ಹರಿವಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹರಿವು ಎರಡು ಪಟ್ಟಾದರೆ ಎದುರೊತ್ತಡ ನಾಲ್ಕು ಪಟ್ಟು. ಅರ್ಧವಾದರೆ ಕಾಲು ಭಾಗ. 4,000 ಆರ್‌ಪಿಎಂನಲ್ಲಿ, ಅಂದರೆ ಇಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗ, ಆಕ್ಸಿಲೇಟರ್ ಪೂರ್ತಿ ಒತ್ತಿ ಓಡಿಸುವವನಿಗೆ ಕಟೌಟ್‌ನಿಂದ ಏನೋ ಒಂದಿಷ್ಟು ಲಾಭ. ತೀರ್ಥಹಳ್ಳಿ ರಸ್ತೆಯಲ್ಲಿ 2,000ದಲ್ಲಿ ಹಾಯಾಗಿ ಹೋಗುವವನಿಗೆ ಅದರ ಕಾಲು ಭಾಗಕ್ಕಿಂತಲೂ ಕಡಿಮೆ, ಯಾಕೆಂದರೆ ಅವನು ಆಕ್ಸಿಲೇಟರನ್ನು ಪೂರ್ತಿ ಒತ್ತಿರುವುದೇ ಇಲ್ಲ. ಪದ್ಮಿನಿಯ 1,089 ಸಿಸಿ ಇಂಜಿನ್ನಿಗೆ ಉಸಿರು ಕಟ್ಟುವುದು ಸೈಲೆನ್ಸರಿನಿಂದಲ್ಲ. ಅದರ ಸಣ್ಣ ವಾಲ್ವು, ಪೆಟ್ರೋಲಿಗೆ ಗಾಳಿ ಬೆರೆಸುವ ಸಣ್ಣ ಕಾರ್ಬ್ಯುರೇಟರ್ ಮೊದಲು ಅಡ್ಡ ಬರುತ್ತವೆ. ಗ್ಯಾರೇಜಿನ ಹಿರಿಯ ಮೇಸ್ತ್ರಿಯೊಬ್ಬರು ಇದನ್ನೇ ಒಂದೇ ಮಾತಿನಲ್ಲಿ ಹೇಳಿದ್ದರು: "ಸೌಂಡ್ ಬರುತ್ತೆ ಸಾರ್, ಪಿಕಪ್ ಬರಲ್ಲ."

"ಇಂಜಿನ್ನಿಗೆ ಬ್ಯಾಕ್ ಪ್ರೆಶರ್ ಬೇಕೇ ಬೇಕು" ಅನ್ನುವ ಮಾತನ್ನೂ ಗ್ಯಾರೇಜುಗಳಲ್ಲಿ ಕೇಳಿರುತ್ತೀರಿ. ಅದು ಪೂರ್ತಿ ಸರಿಯಲ್ಲ. ಎದುರೊತ್ತಡ ಯಾವ ಇಂಜಿನ್ನಿಗೂ ಬೇಡ. ಬೇಕಾಗಿರುವುದು ಅಲೆಯ ಸರಿಯಾದ ಲಯ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಚೆಂದ ಕಾಣುವುದು ಇದೇ.

ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವು ತೆರೆದ ಕ್ಷಣ ಸಿಲಿಂಡರಿನಲ್ಲಿ ಹೊರಗಿನ ಗಾಳಿಗಿಂತ ಮೂರ್ನಾಲ್ಕು ಪಟ್ಟು ಒತ್ತಡ ಇರುತ್ತದೆ. ಅದು ಕೊಳವೆಗೆ ನುಗ್ಗಿದಾಗ ಒತ್ತಡದ ಒಂದು ಅಲೆ ಹೊಗೆಗಿಂತ ಮುಂದಾಗಿ ಓಡುತ್ತದೆ. ಸಾಮಾನ್ಯ ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಬಿಸಿ ಹೊಗೆಯಲ್ಲಿ ಅದು 500 ಮೀಟರ್ ದಾಟುತ್ತದೆ. ಅಲೆ ಕೊಳವೆಯ ತೆರೆದ ತುದಿ ಮುಟ್ಟಿದಾಗ ಒಂದು ವಿಚಿತ್ರ ನಡೆಯುತ್ತದೆ. ಒತ್ತುವ ಅಲೆ ಎಳೆಯುವ ಅಲೆಯಾಗಿ ಮಗುಚಿಕೊಂಡು ಇಂಜಿನ್ನಿನ ಕಡೆಗೆ ವಾಪಸ್ ಬರುತ್ತದೆ. ವಾಲ್ವು ಮುಚ್ಚುವ ಹೊತ್ತಿಗೆ ಸರಿಯಾಗಿ ಅದು ಬಂದು ಮುಟ್ಟಿದರೆ ಉಳಿದ ಹೊಗೆಯನ್ನೂ ಹೀರಿ ಹಾಕುತ್ತದೆ. ಆಗ ಹೊಸ ಪೆಟ್ರೋಲ್-ಗಾಳಿಗೆ ಜಾಗ ಜಾಸ್ತಿ.

ಈಗ ಇಂಜಿನ್ನಿನಿಂದ 1.2 ಮೀಟರ್ ದೂರದಲ್ಲಿ ಕಟೌಟ್ ತೆರೆದಿರಿ ಎಂದುಕೊಳ್ಳಿ. ಅಲೆಯ ತುದಿ ಅಲ್ಲಿಗೇ ಬಂತು. ಹೋಗಿ ಬರಲು 2.4 ಮೀಟರ್, ಹತ್ತಿರ ಹತ್ತಿರ 4.8 ಮಿಲಿಸೆಕೆಂಡ್. 3,000 ಆರ್‌ಪಿಎಂನಲ್ಲಿ ಕ್ರ್ಯಾಂಕ್, ಅಂದರೆ ಇಂಜಿನ್ನಿನ ತಿರುಗುವ ದಂಡ, ಒಂದು ಸುತ್ತಿಗೆ ತೆಗೆದುಕೊಳ್ಳುವುದು 20 ಮಿಲಿಸೆಕೆಂಡ್. ಅಂದರೆ ಕ್ರ್ಯಾಂಕ್ ಇನ್ನೂ 86 ಡಿಗ್ರಿ ತಿರುಗಿರುವಾಗಲೇ ಎಳೆಯುವ ಅಲೆ ಬಂದುಬಿಟ್ಟಿತು. ವಾಲ್ವು ಮುಚ್ಚಲು ಇನ್ನೂ ಬಹಳ ಹೊತ್ತಿದೆ. ಕೊಳವೆಯ ಉದ್ದ ಬದಲಾದರೆ ಒಂದು ವೇಗದಲ್ಲಿ ಲಾಭ, ಇನ್ನೊಂದರಲ್ಲಿ ನಷ್ಟ. ಕಟೌಟ್ ತೆರೆದಾಗ ಕೆಳ ವೇಗದಲ್ಲಿ ಗಾಡಿ ಮಂಕಾಯಿತು ಅಂತ ಕೆಲವರು ಹೇಳುವುದು ಇದಕ್ಕೇ. ಬ್ಯಾಕ್ ಪ್ರೆಶರ್ ಹೋಯಿತು ಅಂದುಕೊಳ್ಳುತ್ತಾರೆ, ಹೋದದ್ದು ಲಯ.

ಇಷ್ಟು ತಿಳಿದ ಮೇಲೂ ಹಾಕಿಸಲೇಬೇಕು ಅನ್ನುವವರಿದ್ದಾರೆ. ಆ ಸದ್ದಿನ ಮೇಲಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಹಾಗಿದ್ದರೆ ಜಾಗ ಆರಿಸುವುದೇ ಮುಖ್ಯ ಕೆಲಸ. ಪೆಟ್ರೋಲ್ ಪೈಪು, ಬ್ರೇಕ್ ಪೈಪು, ವೈರಿಂಗ್ ಹತ್ತಿರ ಬೇಡವೇ ಬೇಡ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಬಿಚ್ಚಿಸಿ. ಕವಲಿನ ಬಾಯಿ ಹಿಂದಕ್ಕೆ, ಪಕ್ಕಕ್ಕೆ ಇರಲಿ, ನೇರ ನೆಲಕ್ಕೆ ಬೇಡ. ನಮ್ಮ ಕಡೆ ಇದಕ್ಕೊಂದು ವಿಶೇಷ ಕಾರಣವಿದೆ. ಫೆಬ್ರವರಿ-ಮಾರ್ಚಿನಲ್ಲಿ ರಸ್ತೆ ಬದಿಯಲ್ಲಿ ಮೊಣಕಾಲುದ್ದ ದರಗು ಬಿದ್ದಿರುತ್ತದೆ. ಸೈಲೆನ್ಸರ್ ದಾಟದ ಹೊಗೆ 400 ಡಿಗ್ರಿಗಿಂತಲೂ ಬಿಸಿ ಇರಬಹುದು. ಒಣ ಎಲೆ ಹೊತ್ತಿಕೊಳ್ಳಲು 300ರ ಆಸುಪಾಸು ಸಾಕು. ಬಾಯಿ ಕೆಳಗಿದ್ದ ಕಾರನ್ನು ದರಗಿನ ಮೇಲೆ ನಿಲ್ಲಿಸಿ ಇಂಜಿನ್ ಆನ್ ಇಟ್ಟರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನೂ ಭಯ ಹುಟ್ಟಿಸುವುದು ಕಾರಿನೊಳಗೆ ಬರುವ ಹೊಗೆ. ಮೂಲ ಕೊಳವೆ ಹೊಗೆಯನ್ನು ಬಂಪರಿನ ಹಿಂದೆ ಬಿಡುತ್ತದೆ. ಕಟೌಟ್ ಅದನ್ನು ನಿಮ್ಮ ಸೀಟಿನ ಕೆಳಗೇ ಬಿಡುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸೀಮೆಯಲ್ಲಿ ಓಡಾಡಿದ ಹಳೇ ಕಾರಿನ ತಳವನ್ನು ಒಮ್ಮೆ ಮ್ಯಾಟ್ ಎತ್ತಿ ನೋಡಿ. ತುಕ್ಕು ತಿಂದ ತೂತು, ಪೆಡಲಿನ ಸುತ್ತ ಸವೆದ ರಬ್ಬರು, ಬಿಟ್ಟುಕೊಂಡ ಜೋಡಣೆ ಕಾಣುತ್ತವೆ. ಮಳೆಗಾಲದಲ್ಲಿ ಕಿಟಕಿ ಬೇರೆ ಮುಚ್ಚಿರುತ್ತೇವೆ. ಈ ಇಂಜಿನ್ನುಗಳ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜಾಸ್ತಿ. ಹೊಗೆ ತಪಾಸಣೆಯಲ್ಲೇ ಇಂಥ ಹಳೇ ಕಾಲದ ಪೆಟ್ರೋಲ್ ಕಾರಿಗೆ ಶೇ. 3ರವರೆಗೆ ಬಿಟ್ಟಿದ್ದಾರೆ. ಆದರೆ ಉಸಿರಾಡುವ ಗಾಳಿಯಲ್ಲಿ ಅದು ಶೇ. 0.1 ಇದ್ದರೂ ಒಂದು ಗಂಟೆಯೊಳಗೆ ತಲೆನೋವು, ವಾಕರಿಕೆ, ತಲೆಸುತ್ತು ಶುರುವಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಘಾಟಿ ತಿರುವುಗಳಲ್ಲಿ ಮಕ್ಕಳಿಗೆ ವಾಕರಿಕೆ ಬಂದರೆ ನಾವು ತಿರುವನ್ನೇ ಬೈಯುತ್ತೇವೆ. ಕಟೌಟ್ ಇರುವ ಕಾರಿನಲ್ಲಿ ಮೊದಲು ಕಿಟಕಿ ಇಳಿಸಿ, ಗಾಡಿ ನಿಲ್ಲಿಸಿ, ತಳ ನೋಡಿ.

ಮುಚ್ಚಳ ಸೋರುವುದೂ ಇಲ್ಲಿ ಬೇಗ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಪೇಟೆಯೊಳಗಿನ ಸಣ್ಣ ಓಡಾಟದಲ್ಲಿ ಕೊಳವೆ ಪೂರ್ತಿ ಬಿಸಿಯಾಗದೆ ಆ ನೀರು ಒಳಗೇ ನಿಂತು ತುಕ್ಕು ಹಿಡಿಸುತ್ತದೆ. ಮುಚ್ಚಳದ ಬದಲು ಹಾಕುವ, ಕೇಬಲ್ ಎಳೆದು ತೆರೆಯುವ ಚಿಟ್ಟೆ ವಾಲ್ವು (ಕೊಳವೆಯೊಳಗೆ ತಿರುಗುವ ತಗಡಿನ ಬಿಲ್ಲೆ) ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅರ್ಧಕ್ಕೇ ಸಿಕ್ಕಿಕೊಳ್ಳಬಹುದು. ಹಾಗೆ ಸೋರುವ ಜಾಗದಿಂದ ಗಾಳಿ ಒಳಗೆ ಹೋಗಿ, ಆಕ್ಸಿಲೇಟರ್ ಬಿಟ್ಟಾಗ ಉಳಿದ ಪೆಟ್ರೋಲಿಗೆ ಸೇರಿ ಕೊಳವೆಯಲ್ಲೇ ಪಟಪಟ ಸಿಡಿಯುತ್ತದೆ.

ಇನ್ನು ಆ ಸದ್ದು ಯಾರ್ಯಾರನ್ನು ಮುಟ್ಟುತ್ತದೆ? ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲೇ ಸಕ್ರೆಬೈಲು ಆನೆ ಬಿಡಾರ ಸಿಗುತ್ತದೆ. ಮುಂದೆ ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಪ್ರಾಣಿಗಳ ದನಿಯನ್ನು ಅಧ್ಯಯನ ಮಾಡುವ ಕೇಟಿ ಪೇನ್ ಮತ್ತು ಸಂಗಡಿಗರು 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳನ್ನು ಗಮನಿಸಿ, ಅವು ಮನುಷ್ಯನಿಗೆ ಸರಿಯಾಗಿ ಕೇಳಿಸದಷ್ಟು ತಗ್ಗಿನ ದನಿಯಲ್ಲಿ ಮಾತಾಡುತ್ತವೆ ಅಂತ ಕಂಡುಕೊಂಡರು. ಆ ದನಿ 14ರಿಂದ 24 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪನ. ಈಗ ನಿಂತಲ್ಲೇ 700 ಆರ್‌ಪಿಎಂನಲ್ಲಿ ಗುಡುಗುಡು ಅನ್ನುವ ನಾಲ್ಕು ಸಿಲಿಂಡರಿನ ಇಂಜಿನ್ ನೋಡಿ. ಒಂದು ಸುತ್ತಿಗೆ ಎರಡು ಸಲ ಹೊಗೆ ಬಿಡುತ್ತದೆ. ಸೆಕೆಂಡಿಗೆ 23 ಸಲ. ಆನೆಗಳ ಮಾತಿನ ಕಂಪನವೂ ಇದೇ ವ್ಯಾಪ್ತಿಯಲ್ಲಿದೆ. ಸೈಲೆನ್ಸರಿಲ್ಲದ ಕಾರನ್ನು ಬಿಡಾರದ ಗೇಟಿನ ಮುಂದೆ ಸುಮ್ನೆ ಆನ್ ಇಟ್ಟು ನಿಲ್ಲಿಸಿದರೆ ನಾವು ಅವುಗಳ ಮಾತಿನ ನಡುವೆ ಬಾಯಿ ಹಾಕಿದಂತೆಯೇ. ತಗ್ಗಿನ ಸದ್ದನ್ನು ಗಾಳಿಯಾಗಲಿ ಎಲೆಯಾಗಲಿ ಸುಲಭಕ್ಕೆ ಹೀರುವುದಿಲ್ಲ. ಬೆಳಗಿನ ಜಾವ ತಣ್ಣನೆ ಗಾಳಿ ಕಣಿವೆಯಲ್ಲಿ ಕುಳಿತು ಬೆಚ್ಚನೆಯದು ಮೇಲಿದ್ದಾಗ ಸದ್ದು ಮತ್ತೆ ನೆಲಕ್ಕೇ ಬಾಗುತ್ತದೆ, ಇನ್ನೂ ದೂರ ಹೋಗುತ್ತದೆ.

ಕಾನೂನೂ ಸ್ಪಷ್ಟವಾಗಿದೆ. ಕೇಂದ್ರ ಮೋಟಾರು ವಾಹನ ನಿಯಮ 120ರ ಪ್ರಕಾರ ಪ್ರತಿ ವಾಹನಕ್ಕೂ, ಟ್ರ್ಯಾಕ್ಟರಿಗೂ ಸಹ, ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ಸದ್ದಿನ ನಿಯಮ ಮೀರಿದರೆ ದಂಡ 10,000 ರೂಪಾಯಿವರೆಗೂ ಹೋಗಬಹುದು. ಕಾರಿಗೆ 50 ವರ್ಷ ದಾಟಿದ್ದು ವಿಂಟೇಜ್ ನೋಂದಣಿ ಮಾಡಿಸುವ ಯೋಚನೆ ಇದ್ದರೆ ಅದು ಮೂಲ ರೂಪದಲ್ಲೇ ಇರಬೇಕು ಅನ್ನುವುದನ್ನೂ ನೆನಪಿಡಿ.

ಹಾಗಾಗಿ ಹಾಕಿಸುವವರಿಗೆ ನನ್ನ ಸಲಹೆ ಒಂದೇ. ಸೀಟಿನ ಪಕ್ಕದಲ್ಲಿ ಲಿವರ್ ಇರುವ ಕಟೌಟ್ ಬೇಡ. ಮೂರು ಬೋಲ್ಟಿನಲ್ಲಿ ಬಿಗಿಯುವ ದಪ್ಪ ಮುಚ್ಚಳ, ನಡುವೆ ತಾಮ್ರದ ಗ್ಯಾಸ್ಕೆಟ್, ಅಷ್ಟು ಸಾಕು. ಅದನ್ನು ತೆಗೆಯಬೇಕಾದರೆ ಕಾರು ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಸ್ಪಾನರ್ ಹಿಡಿದು ಕೆಳಗೆ ಮಲಗಬೇಕು. ಅಷ್ಟು ಹೊತ್ತಿನಲ್ಲಿ ಎಲ್ಲಿ ತೆಗೆಯುತ್ತಿದ್ದೇನೆ ಅಂತ ಯೋಚಿಸಲು ಸಮಯ ಸಿಗುತ್ತದೆ. ಮುಚ್ಚಿದ ಮೇಲೆ ಇಂಜಿನ್ ಆನ್ ಮಾಡಿ, ಜೋಡಣೆಯ ಸುತ್ತ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದಾ ನೋಡಿ. ಕೊಳವೆ ಬಿಸಿಯಾಗುವ ಮೊದಲೇ ನೋಡಬೇಕು, ಆಮೇಲೆ ನೀರು ಆವಿಯಾಗಿಬಿಡುತ್ತದೆ.