ದೇವರ ಸೊತ್ತು, ಕಾರ್ಖಾನೆಯ ಲಾಭ: ಬಾಸೆಲ್ ಮಿಶನ್ ಎದುರಿಸಿದ ಪ್ರಶ್ನೆ

ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಮೇಲೆ, 1865ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರೊಟೆಸ್ಟಂಟ್ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಮಿಶನರಿ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆಯನ್ನು ಆರಂಭಿಸಿದಾಗ, ಸುವಾರ್ತೆ ಸಾರಲು ಬಂದ ಸಂಸ್ಥೆಯೊಂದು ಸರಕು ತಯಾರಿಸಿ ಮಾರಿ ಲಾಭ ಗಳಿಸಬಹುದೇ ಎಂಬ ಚರ್ಚೆ ಆ ಸಂಸ್ಥೆಯ ಒಳಗೇ ನಡೆದಿತ್ತು. ಪ್ರಶ್ನೆ ಮಾತ್ರ ಮಂಗಳೂರಿನಲ್ಲಿ ಹುಟ್ಟಿದ್ದಲ್ಲ. ಅದು ಕ್ರೈಸ್ತ ಸಭೆಯಷ್ಟೇ ಹಳೆಯದು.

ಸತ್ಯವೇದದಲ್ಲಿ ಐಶ್ವರ್ಯದ ಕುರಿತು ಎರಡು ದನಿಗಳು ಕೇಳಿಸುತ್ತವೆ. ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂದು ಧನಿಕನಿಗೆ ಹೇಳಿದ ಯೇಸುವೇ, ಧಣಿ ಒಪ್ಪಿಸಿದ ತಲಾಂತನ್ನು (ದೊಡ್ಡ ಮೊತ್ತದ ಹಣವನ್ನು) ವ್ಯಾಪಾರಕ್ಕೆ ಹಾಕದೆ ನೆಲದಲ್ಲಿ ಹೂತಿಟ್ಟ ಆಳನ್ನು ಖಂಡಿಸುವ ಸಾಮ್ಯವನ್ನೂ ಹೇಳಿದ್ದಾನೆ. ಸುಮಾರು ಕ್ರಿ.ಶ. 200ರಲ್ಲಿ ಕ್ರೈಸ್ತ ಬೋಧಕ ಅಲೆಕ್ಸಾಂಡ್ರಿಯದ ಕ್ಲೆಮೆಂಟ್, ಬಿಡಬೇಕಾದದ್ದು ಆಸ್ತಿಯನ್ನಲ್ಲ, ಆಸ್ತಿಯ ಮೇಲಿನ ವ್ಯಾಮೋಹವನ್ನು ಎಂದು ವಿವರಿಸಿ ಸಿರಿವಂತರಿಗೆ ಸಭೆಯಲ್ಲಿ ಜಾಗ ಮಾಡಿಕೊಟ್ಟನು. ನಾಲ್ಕನೆಯ ಶತಮಾನದಲ್ಲಿ, ಕ್ಷಾಮದ ಬೇಗೆಯನ್ನು ಕಣ್ಣಾರೆ ಕಂಡ ಕೈಸರೈಯದ ಬಿಷಪ್ ಬೆಸಿಲ್ ಇನ್ನೂ ಕಟುವಾಗಿ ಮಾತಾಡಿದನು: ಕಣಜದಲ್ಲಿ ಕೂಡಿಟ್ಟ ರೊಟ್ಟಿ ಹಸಿದವನದು, ಪೆಟ್ಟಿಗೆಯಲ್ಲಿಟ್ಟ ಬಟ್ಟೆ ಬೆತ್ತಲೆಯಿರುವವನದು. ನನ್ನ ಮಟ್ಟಿಗೆ ಬೆಸಿಲನ ಮಾತೇ ಹೆಚ್ಚು ನೇರವಾದದ್ದು, ಏಕೆಂದರೆ ಅದು ದಾನವನ್ನು ಉದಾರತೆಯೆಂದು ಹೊಗಳದೆ ಸಾಲದ ಮರುಪಾವತಿಯೆಂದು ಕಾಣುತ್ತದೆ.

ಮೆಥಡಿಸ್ಟ್ ಪಂಥಕ್ಕೆ ಬುನಾದಿ ಹಾಕಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ 1760ರಲ್ಲಿ ಪ್ರಕಟಿಸಿದ ಪ್ರಸಂಗದಲ್ಲಿ ಸಾಧ್ಯವಾದಷ್ಟು ಗಳಿಸಿ, ಸಾಧ್ಯವಾದಷ್ಟು ಉಳಿಸಿ, ಸಾಧ್ಯವಾದಷ್ಟು ಕೊಡಿ ಎಂದು ಬೋಧಿಸಿದನು. ಇಂದು ಬಹಳ ಕಡೆ ಮೊದಲ ಎರಡು ಮಾತುಗಳನ್ನಷ್ಟೇ ಉದ್ಧರಿಸುತ್ತಾರೆ. ನೆರೆಯವನ ದೇಹಕ್ಕಾಗಲಿ ಜೀವನೋಪಾಯಕ್ಕಾಗಲಿ ಹಾನಿ ಮಾಡಿ ಗಳಿಸಬಾರದೆಂದು ಅವನು ಅಲ್ಲಿಯೇ ಹಾಕಿದ ಷರತ್ತನ್ನು ನೆನೆಯುವವರು ಇನ್ನೂ ಕಡಿಮೆ.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ ವ್ಯಾಪಾರದ ಆಲೋಚನೆಯಿರಲಿಲ್ಲ. ಆದರೆ ಕ್ರೈಸ್ತರಾದವರಿಗೆ ಜಾತಿಯ, ಕುಟುಂಬದ ಆಸರೆ ತಪ್ಪುತ್ತಿತ್ತು. ಬಿಲ್ಲವರಿಂದ ಬಂದವರು ಕಳ್ಳು ಇಳಿಸುವ ಮೂರ್ತೆ ಕಸುಬನ್ನು ಮುಂದುವರಿಸುವುದನ್ನು ಮಿಶನ್ ಒಪ್ಪುತ್ತಿರಲಿಲ್ಲ. ಹೊಟ್ಟೆಪಾಡಿನ ದಾರಿಯನ್ನು ಮುಚ್ಚಿದವರೇ ಇನ್ನೊಂದು ದಾರಿಯನ್ನು ತೆರೆಯಬೇಕಾಯಿತು. ದಾನದ ಮೇಲೆ ಸಭೆಯನ್ನು ಸಾಕುವುದು ಅವರಿಗೆ ಇಷ್ಟವಿರಲಿಲ್ಲ, ದುಡಿಮೆಯೂ ಭಕ್ತಿಯ ಶಿಸ್ತೇ ಎಂಬುದು ದಕ್ಷಿಣ ಜರ್ಮನಿಯ ಪಯಟಿಸ್ಟ್ (ವೈಯಕ್ತಿಕ ಭಕ್ತಿಗೆ, ಶಿಸ್ತಿನ ಬದುಕಿಗೆ ಒತ್ತು ಕೊಡುವ ಪ್ರೊಟೆಸ್ಟಂಟ್) ಪರಂಪರೆಯಲ್ಲಿ ಬೆಳೆದ ಅವರ ನಂಬಿಕೆಯಾಗಿತ್ತು. ಮುದ್ರಣಾಲಯವನ್ನು 1841ರಲ್ಲಿಯೇ ತೆರೆದಿದ್ದರು. 1851ರಲ್ಲಿ ನೇಯ್ಗೆ ಆರಂಭವಾಯಿತು, ಆಮೇಲೆ ಹಂಚು ಬಂತು. ಈ ಬೆಳವಣಿಗೆಯ ನಡುವೆಯೇ, 1859ರಲ್ಲಿ, ಬಾಸೆಲ್ ನಗರದಲ್ಲಿ ಪ್ರತ್ಯೇಕ ವ್ಯಾಪಾರ ಕಂಪನಿಯೊಂದನ್ನು ಸ್ಥಾಪಿಸಲಾಯಿತು. ಅದರ ಷೇರುದಾರರಿಗೆ ಸಿಗುವ ಲಾಭಾಂಶಕ್ಕೆ ಮಿತಿ ಹಾಕಿ, ಮಿಕ್ಕ ಲಾಭವನ್ನು ಮಿಶನ್ನಿನ ಕೆಲಸಕ್ಕೆ ಕೊಡುವ ಏರ್ಪಾಡು ಮಾಡಿದರು. ಬಂಡವಾಳ ಹೂಡಿದವನು ಒಡೆಯನಲ್ಲ, ಲೆಕ್ಕ ಒಪ್ಪಿಸಬೇಕಾದ ಮನೆವಾರ್ತೆಯವನು ಎಂಬ ಬೋಧನೆಯನ್ನು ಅವರು ಕಂಪನಿಯ ನಿಯಮದಲ್ಲಿಯೇ ಬರೆದಿಟ್ಟರೆಂಬುದು ಸಣ್ಣ ಸಂಗತಿಯಲ್ಲ.

ಹಾಗೆಂದು ಆ ಏರ್ಪಾಡು ನಿರ್ದೋಷವಾಗಿತ್ತೆಂದು ಹೇಳಲಾಗದು. ಉಪದೇಶ ಮಾಡುವ ಸಂಸ್ಥೆಯೇ ಕೂಲಿ ಕೊಡುವ ಧಣಿಯೂ ಆಗಿದ್ದುದರಿಂದ, ಒಬ್ಬ ಕಾರ್ಮಿಕನು ಕೂಲಿ ಸಾಲದೆಂದು ದೂರಿದರೆ ಅದು ಸಭೆಯ ವಿರುದ್ಧದ ಗೊಣಗಾಟವಾಗಿ ಕಾಣುವ ಅಪಾಯವಿತ್ತು. ನಂಬಿಕೆಗೆ ಬಂದವನು ದೇವರನ್ನು ಅರಸಿ ಬಂದನೋ ಕೆಲಸವನ್ನೋ ಎಂಬ ಸಂದೇಹವೂ ಮಿಶನರಿಗಳನ್ನು ಬಿಡದೆ ಕಾಡಿತು. ಹೂಡಿದವರ ಆಸೆಗೆ ಮಿತಿ ಹಾಕಿದ ಹಾಗೆ, ದುಡಿದವರ ಪಾಲನ್ನೂ ಹಕ್ಕೆಂದು ಬರೆದಿಡಬೇಕಿತ್ತು ಎಂದೇ ನಾನು ಭಾವಿಸುತ್ತೇನೆ. ಕೂಲಿಯನ್ನು ಹಿಡಿದಿಟ್ಟ ಧನಿಕರಿಗೆ ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯ ನೀಡುವ ಎಚ್ಚರಿಕೆಯನ್ನು ಆ ಮಿಶನರಿಗಳು ಚೆನ್ನಾಗಿ ಓದಿದವರೇ.

ಮೊದಲ ಮಹಾಯುದ್ಧ 1914ರಲ್ಲಿ ಆರಂಭವಾದ ಬಳಿಕ, ಮಿಶನರಿಗಳಲ್ಲಿ ಬಹುಪಾಲು ಜರ್ಮನರಿದ್ದ ಕಾರಣ, ಬ್ರಿಟಿಷ್ ಸರಕಾರ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಪಾಲಾದವು. ಈ ವರ್ಗಾವಣೆ ಸರಕಾರದ ಕಾಗದಪತ್ರಗಳಲ್ಲಿ ನಡೆಯಿತು. ಸಭೆಯವರೂ ಕಾರ್ಮಿಕರೂ ಒಬ್ಬರೇ ಆಗಿದ್ದ ಊರುಗಳಲ್ಲಿ ಪ್ರಾರ್ಥನೆಗೆ ಒಬ್ಬ ಒಡೆಯ, ಕೂಲಿಗೆ ಇನ್ನೊಬ್ಬ ಒಡೆಯ ಎಂಬ ಸ್ಥಿತಿ ಬಂದದ್ದು ಹೀಗೆ.