ಪದ ಪರಿಚಯ: ಅತ್ಯಗತ್ಯ ಪೋಷಕಾಂಶ

ಶುಗರ್ ಬಂತು ಅಂದರೆ ಕಲಬುರಗಿಯಲ್ಲಿ ಮೊದಲು ಸಿಗುವ ಬಿಟ್ಟಿ ಸಲಹೆ ‘ರೊಟ್ಟಿ ಬಿಡ್ರಿ’. ಹಾಗಾದರೆ ಧಾನ್ಯ ಇಲ್ಲದೆ ಮನುಷ್ಯ ಆರೋಗ್ಯವಾಗಿ ಇರಬಹುದಾ? ಆಹಾರ ವಿಜ್ಞಾನದ ಈ ಪದ ಗೊತ್ತಿದ್ದರೆ ಉತ್ತರ ಸುಲಭ.

ದೇಹ ತಾನೇ ಮಾಡಿಕೊಳ್ಳಲಾಗದ, ಊಟದಿಂದಲೇ ಬರಬೇಕಾದ ಅಂಶವೇ ಅತ್ಯಗತ್ಯ ಪೋಷಕಾಂಶ. 9 ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳು), 2 ಕೊಬ್ಬಿನಾಮ್ಲ, ವಿಟಮಿನ್, ಖನಿಜ ಈ ಪಟ್ಟಿಯಲ್ಲಿವೆ. ಧಾನ್ಯದಲ್ಲಿ ಹೆಚ್ಚಾಗಿರುವ, ದೇಹದಲ್ಲಿ ಗ್ಲೂಕೋಸ್ ಆಗುವ ಪಿಷ್ಟ ಇಲ್ಲ. ಮಿದುಳಿಗೆ ಗ್ಲೂಕೋಸ್ ಬೇಕು ನಿಜ, ಆದರೆ ಊಟದಲ್ಲಿ ಸಿಗದಿದ್ದರೆ ಲಿವರ್ ಪ್ರೋಟೀನಿನಿಂದಲೂ ಅದನ್ನು ತಯಾರಿಸುತ್ತದೆ. ಹಿಮನಾಡಿನ ಇನ್ಯೂಟ್ ಜನ ಮೀನು, ಮಾಂಸದ ಮೇಲೇ ತಲೆಮಾರುಗಟ್ಟಲೆ ಬದುಕಿದ್ದರು. ಅಂದರೆ ಈ ಲೆಕ್ಕದಲ್ಲಿ ಧಾನ್ಯ ಅತ್ಯಗತ್ಯ ಅಲ್ಲ.

ಆದರೆ ರೊಟ್ಟಿ ಅಂದರೆ ಬರೀ ಪಿಷ್ಟವೂ ಅಲ್ವಲ್ಲ! 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಹೆಚ್ಚುಕಡಿಮೆ ಅಷ್ಟೇ ನಾರು ಇದೆ. ಆ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ತೊಗರಿಯಲ್ಲಿ ಅದು ಜಾಸ್ತಿ. ತೊಗರಿಯಲ್ಲಿ ಮೆಥಿಯೋನಿನ್ ಕಡಿಮೆ, ಆ ಕೊರತೆಯನ್ನು ಜೋಳ ತುಂಬುತ್ತದೆ. ಎರಡೂ ಅತ್ಯಗತ್ಯ ಅಮೈನೋ ಆಮ್ಲಗಳೇ. ಎಳ್ಳಮಾಸಿ ದಿನ ಹೊಲದಲ್ಲಿ ಉಣ್ಣುವ ಭಜ್ಜಿಯನ್ನೇ ನೋಡಿ. ಹಸಿ ತೊಗರಿ, ಅವರೆ, ಕಡಲೆ, ಗಜ್ಜರಿ, ಮೆಂತೆ ಸೊಪ್ಪು, ಕುದಿಯುವಾಗ ಒಂದಿಷ್ಟು ಕಡಲೆ ಹಿಟ್ಟು, ಜೊತೆಗೆ ಸಜ್ಜಿ ರೊಟ್ಟಿ. ಇದಕ್ಕಿಂತ ಒಳ್ಳೆಯ ತಾಟು ನನಗಂತೂ ಹೊಳೆಯುವುದಿಲ್ಲ.

ಹಾಗಂತ ಬರೀ ರೊಟ್ಟಿ ತಿಂದರೂ ಆಗದು. ದಖ್ಖನ್ನಿನಲ್ಲಿ ಹಿಂದೆ ಜೋಳ ಬಿಟ್ಟರೆ ಬೇರೇನೂ ಸಿಗದ ಬಡವರಿಗೆ ಪೆಲಾಗ್ರಾ ಬರುತ್ತಿತ್ತು. ನಿಯಾಸಿನ್ ಎಂಬ ವಿಟಮಿನ್ ಸಾಲದೆ ಬರುವ ರೋಗ ಇದು. ಬಿಸಿಲಿಗೆ ಬಿದ್ದ ಕೈ, ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯುತ್ತದೆ. ಬಿ12 ಅಂತೂ ಯಾವ ಧಾನ್ಯದಲ್ಲೂ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ದಿನದ ಶಕ್ತಿಯಲ್ಲಿ ಧಾನ್ಯ, ಸಿರಿಧಾನ್ಯದ ಪಾಲು 45% ಮೀರದಿರಲಿ ಎನ್ನುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಅದು ಎಂದೋ ಮೀರಿದೆ. ಕಡಿಮೆ ಮಾಡುವುದು ಸರಿ, ಆದರೆ ಆ ಜಾಗಕ್ಕೆ ಬೇಳೆ, ಮೊಟ್ಟೆ, ಶೇಂಗಾ, ಪಲ್ಯ ಬರಬೇಕು. ರೊಟ್ಟಿ ಬಿಟ್ಟೆ ಅಂದವರು ಸಂಜೆ ಸುಸಲಾ, ಮಿರ್ಚಿ ತಿಂದರೆ ಏನು ಬಂತು? ಸುಸಲಾದ ಚುರುಮುರಿಯೂ ಅಕ್ಕಿಯೇ, ನಾರು ಹೋದ ಅಕ್ಕಿ.

ಇನ್ಸುಲಿನ್ ಅಥವಾ ಶುಗರ್ ಗುಳಿಗೆ ತಗೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಒಮ್ಮೆಲೇ ರೊಟ್ಟಿ ನಿಲ್ಲಿಸಬಾರದು. ಶುಗರ್ ತೀರಾ ಇಳಿದು ತಲೆ ತಿರುಗಿ ಬೀಳಬಹುದು.